ತೊಗರಿಕಟ್ಟಿಗೆಯ ಮಂತ್ರದಂಡ

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಸೇಡಂ ಬಸ್ ನಿಲ್ದಾಣದಲ್ಲಿ ಚಿಂಚೋಳಿ ಬಸ್ಸಿಗೆ ಕಾಯುತ್ತಿದ್ದ ಅಬ್ದುಲ್ ಮಜೀದರ ಪಕ್ಕದ ಬೆಂಚಿನಲ್ಲಿ ಯಂಕಮ್ಮ ಮತ್ತು ಅವಳ ಮಗಳು ಅಂಬುಜಾ ಕುಳಿತಿದ್ದರು. ಅಂಬುಜಾಳ ಮಡಿಲಲ್ಲಿ ಮಕ್ಕಳ ಮಾಯಾಕಥೆಯ ಪುಸ್ತಕವಿತ್ತು.

“ಸಾಲಿಗಿ ವಾಪಸ್ ಕೊಟ್ಟೇ ಬರ್ತೀನವ್ವಾ. ಇದನ್ನ ಓದಿ ನಿನ್ನ ಮೊಮ್ಮಗಳು ಪ್ರೀತಿ ತೊಗರಿಕಟ್ಟಿಗಿಗಿ ಕೆಂಪು ದಾರ ಸುತ್ತಿ ಬಾಜೂ ಮನಿ ಹೊಸ್ತಿಲ ಮ್ಯಾಲ ಇಟ್ಟಾಳ. ಭಾನಾಮತಿ ಮಾಟ ಮಾಡ್ಯಾಳ ಅಂತ ಓಣಿ ಮಂದಿ ಎಲ್ಲಾ ಕೂಡಿದ್ರು.”

“ಯಾಕ ಇಟ್ಟಿದ್ಳಂತ?”

“ಆ ಮನಿ ಮುದುಕಿ ಕೆಮ್ಮು ಹೋಗ್ಲಿ ಅಂತ.”

ಯಂಕಮ್ಮ ನಕ್ಕಳು. “ನೀ ಏನ್ ಕಡಿಮಿ ಇದ್ದಿ? ತೊಗರಿಕಾಯಿ ಸುಲಿಯೋವಾಗ ನಾ ಮಂತ್ರಗಾತಿ ಕತಿ ಹೇಳ್ತಿದ್ದೆ. ನೀ ಲೆಕ್ಕದ ಮಾಸ್ತರನ್ನ ಗಿಳಿ ಮಾಡ್ತೀನಂತ ಒಲಿ ಬೂದಿ ಒಯ್ದಿದ್ದಿ.”

“ಮೆಲ್ಲಕ ಮಾತಾಡವ್ವಾ, ಮಂದಿ ಕೇಳಾಕತ್ತಾರ!”

ಮಜೀದರು ಪತ್ರಿಕೆಯನ್ನು ಮುಖಕ್ಕೆ ಹಿಡಿದರು. ಅವರಿಗೆ ಚಿಕ್ಕಂದಿನಲ್ಲಿ ದಾದಿ, ಅಂದರೆ ಅಪ್ಪನ ತಾಯಿ, ಹೇಳುತ್ತಿದ್ದ ಜಿನ್ನಿನ ಕಥೆ ನೆನಪಾಗಿತ್ತು.

“ಮಾಸ್ತರ ಗಿಳಿ ಆದ್ರೇನು?” ಯಂಕಮ್ಮ ಮಗಳನ್ನು ಕೇಳಿದಳು.

“ಎಲ್ಲಿ ಗಿಳಿ! ಮೂರು ಸಲ ಸೀನಿ, ನನಗ ನಾಕು ಏಟು ಕೊಟ್ರು.”

“ಮತ್ತ ನೀ ಮಂತ್ರಗಾತಿ ಆದೇನು?”

“ಆಗ ಓಣಿ ನಕ್ಕಿತ್ತವ್ವಾ. ಈಗ ಯಾರೂ ನಗವಲ್ರು. ಪೋರಿ ಹೆಸರು ಕೆಟ್ರ ಏನ್ ಮಾಡ್ಲಿ?”

“ಪುಸ್ತಕ ಕೊಟ್ರ ತಪ್ಪು ಒಪ್ಕೊಂಡಂಗ ಆಗ್ತದ. ಸಂಜೀಕ ಆ ಮುದುಕೀನ ನಮ್ಮ ಅಂಗಳದಾಗ ಕುಂದ್ರಸು. ಪ್ರೀತಿ ಗಟ್ಟಿಯಾಗಿ ಓದ್ಲಿ, ಓಣಿ ಎಲ್ಲಾ ಕೇಳ್ಲಿ.”

ಅಂಬುಜಾ ಪುಸ್ತಕ ತೆರೆದು ಮೊದಲ ಪುಟ ಓದಿದಳು. ಎರಡನೆಯದನ್ನೂ ಓದಿದಳು.

ಹತ್ತು ಮೂವತ್ತೈದಕ್ಕೆ ತಾಯಿ ಮಗಳು ಕಾಯುತ್ತಿದ್ದ ಕುರಕುಂಟಾ ಬಸ್ ಬಂತು. ಪುಸ್ತಕ ವಾಪಸ್ ಕೊಡಬೇಕಿದ್ದ ಶಾಲೆ ನಿಲ್ದಾಣದ ಎದುರಿನ ರಸ್ತೆಯಲ್ಲೇ ಇತ್ತು. ತಾಯಿ ಮಗಳು ಬಸ್ ಹತ್ತಿದರು. ಪುಸ್ತಕ ಅಂಬುಜಾಳ ಕೈಯಲ್ಲೇ ಇತ್ತು.