ಹೊಟ್ಟೆ ತುಂಬಿಸಿ ಕಳಿಸಿದ ಕೌದಿ

ಒಂದು ಊರು. ಊರಿನ ಹೆಸರು ಬೇಡ. ಆ ಊರಿನಲ್ಲಿ ಅರಳೆ ವ್ಯಾಪಾರದಿಂದ ದೊಡ್ಡವನಾದ ಒಬ್ಬ ಸಾಹುಕಾರ. ಅವನ ಹೆಸರೂ ಬೇಡ. ಹೆಸರು ಹೇಳಿಬಿಟ್ಟರೆ ಮನೆಗೆ ಹೋಗುವ ದಾರಿಯುದ್ದಕ್ಕೂ ನೀವು ಅವನ ವಿಷಯ ಮಾತಾಡುತ್ತೀರಿ. ಇವತ್ತು ನಾವು ಬೇರೆಯವರ ವಿಷಯ ಮಾತಾಡಲು ಕೂತಿಲ್ಲ.

ನೋಡಿ, ಈ ಸಾಹುಕಾರ ಕೆಟ್ಟವನಲ್ಲ. ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವನಲ್ಲ. ಓಣಿಯ ಹುಡುಗಿಯ ಮದುವೆಗೆ ಸೀರೆ ಕೊಟ್ಟಿದ್ದ, ಮನೆ ಸುಟ್ಟವನಿಗೆ ತಗಡು ಕೊಡಿಸಿದ್ದ. ಆದರೆ ಒಂದು ಮಾತು. ತೆಗೆದುಕೊಂಡವರ ಮುಖ ಅವನಿಗೆ ಕಾಣಬೇಕಾಗಿತ್ತು. ಅವರು ಕೈ ಮುಗಿಯುವುದು ಕಾಣಬೇಕಾಗಿತ್ತು. ಮುಖ ಕಾಣದ ಕಡೆಗೆ ಅವನ ಕೈ ಚಾಚುತ್ತಿರಲಿಲ್ಲ. ನಮ್ಮ ಕೈ ಚಾಚುತ್ತದೆಯೇ?

ಆ ಜಿಲ್ಲೆಯಲ್ಲಿ ಒಂದು ದೊಡ್ಡ ಆಸ್ಪತ್ರೆ. ಒಳಗೆ ರೋಗಿಗಳು, ಹೊರಗೆ ಅಂಗಳದಲ್ಲಿ ಅವರ ಮನೆಯವರು. ಒಳಗಿನವರಿಗೆ ಮಂಚವಿದೆ, ಔಷಧವಿದೆ. ಹೊರಗಿನವರಿಗೆ ಏನಿದೆ? ಕಾಯುವುದು ಒಂದೇ ಇದೆ. ಆ ಕಾಯುವವರಿಗಾಗಿ ಒಂದು ಸೇವಾ ಸಂಸ್ಥೆ ಅಂಗಳದಲ್ಲಿ ತಗಡಿನ ಚಪ್ಪರ ಹಾಕಿತ್ತು. ಮಧ್ಯಾಹ್ನ ರೊಟ್ಟಿ, ಬೇಳೆ ಸಾರು. ಸಂಜೆಯಾದರೆ ಹಾಸಲು ಹೊದೆಯಲು ಒಂದೊಂದು ಕೌದಿ. ಹೊರಡುವ ದಿನ ಹೊದ್ದವರೇ ಒಗೆದು ಒಣಗಿಸಿ ಕೊಟ್ಟು ಹೋಗಬೇಕು. ಇಷ್ಟೇ ಕರಾರು.

ಸಂಸ್ಥೆ ಸಣ್ಣದಲ್ಲ. ಎಷ್ಟೋ ಜಿಲ್ಲೆಗಳಲ್ಲಿ ಅದರ ಚಪ್ಪರಗಳಿದ್ದವು, ವಾಹನಗಳಿದ್ದವು, ಪಟ್ಟಣದಲ್ಲಿ ಎತ್ತರದ ಕಚೇರಿ ಇತ್ತು. ಸಾಹುಕಾರನ ಕಣ್ಣಿಗೆ ಚುಚ್ಚಿದ್ದು ಆ ಎತ್ತರವೇ. ಬೆಳಿಗ್ಗೆ ಪೇಟೆಯ ಚಾದಂಗಡಿಯ ಬೆಂಚಿನ ಮೇಲೆ ಕೂತರೆ ಅದೇ ಮಾತು.

"ಅಷ್ಟೆತ್ತರ ಆಫೀಸು ಗಾಳೀಲೆ ಕಟ್ಯಾರೇನು? ನಾವು ಕೊಟ್ಟದ್ದು ಅಲ್ಲೇ ಕರಗ್ತೈತಿ."

ಪಕ್ಕದಲ್ಲಿ ಕೂತವನು ಸೇರಿಸುತ್ತಿದ್ದ: "ಖರೇರೀ ಸಾವಕಾರ್ರ. ನಮ್ಮ ಬೀಗರ ಊರಾಗ ಕಂಬಳಿ ಹಂಚಿದ್ರಂತ. ಮುಂದಿನ ಸಂತ್ಯಾಗ ಅವ ಕಂಬಳಿ ಮಾರಾಕ ಬಂದಿದ್ವಂತ."

"ನೀ ನೋಡಿದೇನು?" ಅಂತ ಚಾದಂಗಡಿಯವನು ಕೇಳಿದ.

"ನಾ ಎಲ್ಲಿ ನೋಡ್ಲಿ? ಹೇಳ್ತಾರ."

ಹೇಳುತ್ತಾರೆ. ಯಾರು? ಗೊತ್ತಿಲ್ಲ. ಯಾರಿಗೆ ಹೇಳಿದರು? ಅದೂ ಗೊತ್ತಿಲ್ಲ. ಆದರೂ ಎಲ್ಲರಿಗೂ ಗೊತ್ತು! ನೀವು ನಗುತ್ತಿದ್ದೀರಿ. ನಗಿ. ಆ ಬೆಂಚಿನ ಮೇಲೆ ಒಬ್ಬರಿಗೆ ಜಾಗ ಯಾವಾಗಲೂ ಖಾಲಿ ಇರುತ್ತದೆ.

ಒಂದು ಮಾತು ಸ್ಪಷ್ಟವಾಗಿರಲಿ. ಬಡವರ ಹೆಸರಿನಲ್ಲಿ ಉಂಡು ತೇಗಿದವರು ಲೋಕದಲ್ಲಿದ್ದಾರೆ. ಅದನ್ನು ಮುಚ್ಚಲು ನಾನು ಇಲ್ಲಿ ಕೂತಿಲ್ಲ. ನಾನು ಕೊಟ್ಟದ್ದು ಮುಟ್ಟಿತೋ ಇಲ್ಲವೋ ಎಂದು ಕೇಳುವುದು ತಪ್ಪಲ್ಲ. ಕೇಳಲೇಬೇಕು. ಆದರೆ ಎಲ್ಲಿ ಕೇಳಬೇಕು? ಉತ್ತರ ಇರುವ ಕಡೆ ಕೇಳಬೇಕು. ಈ ಸಾಹುಕಾರ ಚಾದಂಗಡಿಯಲ್ಲಿ ಕೇಳಿದ.

ಈಗ ಅವನ ತಾಯಿಯ ವಿಷಯ. ಕೌದಿ ಹೊಲಿಯುವುದರಲ್ಲಿ ಆಕೆಯ ಕೈ ಬಹಳ ಸೊಗಸು. ಗಂಡ ತೀರಿಕೊಂಡ ಮೇಲೆ ಅವನ ಧೋತರಗಳು, ತನ್ನ ಹಳೆಯ ಹಸಿರು ದಡಿಯ ಇಳಕಲ್ಲ ಸೀರೆ, ಎಲ್ಲವನ್ನೂ ಸೇರಿಸಿ ಒಂದು ಕೌದಿ ಹೊಲಿದಿದ್ದಳು. ಆ ಸೀಮೆಯ ಹೆಂಗಸರಲ್ಲಿ ಒಂದು ಪದ್ಧತಿ. ಕೌದಿ ಮುಗಿಯುವಾಗ ಕೊನೆಯ ಮೂಲೆಯನ್ನು ಮುಚ್ಚುವುದಿಲ್ಲ. ಅಲ್ಲೊಂದು ಬಾಯಿ ಬಿಟ್ಟು, ಒಳಗೆ ಹೋಳಿಗೆಯ ಚೂರು ಇಟ್ಟು, ಆಮೇಲೆ ಹೊಲಿಯುತ್ತಾರೆ. ಯಾಕೆ? ಕೌದಿಯ ಹೊಟ್ಟೆ ತುಂಬಬೇಕು. ತಾನೇ ಹಸಿದ ಕೌದಿ ಇನ್ನೊಬ್ಬರನ್ನು ಹೇಗೆ ಬೆಚ್ಚಗಿಟ್ಟೀತು? ಒಗೆಯುವಾಗ ಆ ಮೂಲೆ ಬಿಚ್ಚುತ್ತಾರೆ, ಒಣಗಿದ ಮೇಲೆ ಮತ್ತೆ ತುಂಬುತ್ತಾರೆ. ನಿಮ್ಮಲ್ಲಿ ಕೆಲವರು ತಲೆಯಾಡಿಸುತ್ತಿದ್ದೀರಿ. ನಿಮ್ಮ ಅಜ್ಜಿ ನೆನಪಾಗಿರಬೇಕು.

ದೀಪಾವಳಿ ಕಳೆದು ಚಳಿ ಏರಿತು. ಸಂಸ್ಥೆಯ ವಾಹನ ಹಾಸಿಗೆ ಹೊದಿಕೆ ಬೇಡುತ್ತ ಓಣಿಗೆ ಬಂತು. ಮಗ ಮನೆಯಲ್ಲಿರಲಿಲ್ಲ. ತಾಯಿ ಆ ಕೌದಿಯನ್ನೇ ಮಡಚಿ ತಂದು ಕೊಟ್ಟಳು. ಪೆಟ್ಟಿಗೆಯಲ್ಲಿ ಬೇರೆ ಇರಲಿಲ್ಲವೇ? ಇದ್ದವು. ಗಂಡನ ಧೋತರದ ಕೌದಿಯನ್ನೇ ಯಾಕೆ ಕೊಟ್ಟಳು? ಆಕೆ ಹೇಳಲಿಲ್ಲ. ನಾನೂ ಊಹಿಸಲಾರೆ. ಕೊಟ್ಟು ಬಂದು ಬಹಳ ಹೊತ್ತು ತೆರೆದ ಪೆಟ್ಟಿಗೆಯ ಮುಂದೆ ಕೂತಿದ್ದಳಂತೆ.

ಮಗನಿಗೆ ತಿಳಿದಾಗ ಮನೆ ನಡುಗಿತು. "ಅಪ್ಪನ ಧೋತರದ್ದು! ಕಳ್ಳರ ಕೈಯಾಗ ಹಾಕಿದೆಲ್ಲಬೇ ಯವ್ವಾ!"

"ಥಂಡಿ ಹತ್ತಿದವರ ಕೈಯಾಗ ಹಾಕೇನಿ, ತಮ್ಮಾ."

"ಅವರಿಗೆ ಮುಟ್ಟಿದ್ರಲ್ಲ?"

ಆ ಪ್ರಶ್ನೆ ತಾಯಿಯೊಳಗೂ ಇಳಿಯಿತು. ಕೊಟ್ಟು ಸಮಾಧಾನವಾಗಿದ್ದ ಜೀವಕ್ಕೆ ಒಂದು ಮುಳ್ಳು ಹತ್ತಿತು. ನೋಡಿ, ಸಂಶಯ ಹೀಗೆ ಕೆಲಸ ಮಾಡುತ್ತದೆ. ಸಂಸ್ಥೆಯನ್ನು ಮುಟ್ಟುವ ಮೊದಲು ಮನೆಯವರನ್ನು ಚುಚ್ಚುತ್ತದೆ.

ಸ್ವಲ್ಪ ದಿನಗಳ ಮೇಲೆ ಸಾಹುಕಾರ ಆ ಆಸ್ಪತ್ರೆಗೇ ಹೋದ. ನೋಡಲು ಹೋದನೇ? ಅಲ್ಲ. ಹಿಡಿಯಲು ಹೋದ. ಚಪ್ಪರದ ಮಗ್ಗುಲಲ್ಲಿ ಉಗ್ರಾಣದ ಕೋಣೆ, ಬಾಗಿಲು ತೆರೆದಿತ್ತು. ಒಳಗೆ ಒಂದು ಮಂಚ. ಮಂಚದ ಮೇಲೆ ಹಸಿರು ದಡಿಯ ಕೌದಿ. ಅಪ್ಪನ ಧೋತರ. ಅವ್ವನ ಸೀರೆ.

ಉಗ್ರಾಣ ನೋಡಿಕೊಳ್ಳುವವಳು ಶಾಲೆಯ ಶಿಕ್ಷಕಿಯಾಗಿ ನಿವೃತ್ತಿಯಾದ ಹೆಣ್ಣುಮಗಳು. ಎಲ್ಲರೂ ಅಕ್ಕೋರು ಎನ್ನುತ್ತಿದ್ದರು.

"ಈ ಮಂಚ ಯಾರದು?" ಎಂದ ಸಾಹುಕಾರ.

"ನಂದ್ರೀ."

"ಮ್ಯಾಲಿನ ಕೌದಿ?"

"ಸಂಸ್ಥೆದ್ದರೀ."

"ಸಂಸ್ಥೆದ್ದಲ್ಲ, ನಮ್ಮವ್ವಂದು! ಹೊರಗ ಮಂದಿ ಗೋಣಿಚೀಲ ಹಾಸ್ಕೊಂಡು ನಡಗ್ತಾರ, ಒಳಗ ನೀವು ನಮ್ಮವ್ವನ ಕೌದಿ ಹೊದ್ದು ಗಡದ್ದಾಗಿ ನಿದ್ದಿ ಹೊಡೀತೀರಿ. ಭಾಳ ಛಲೋ ಐತ್ರೀ ನಿಮ್ಮ ಸೇವಾ!"

ಅಕ್ಕೋರು ಏನೋ ಹೇಳಲು ಬಾಯಿ ತೆರೆದಳು. ಅವನ ಮುಖ ನೋಡಿದಳು. ಬಾಯಿ ಮುಚ್ಚಿದಳು.

ಆ ಮೌನ ಸಾಹುಕಾರನಿಗೆ ಸಾಕಾಯಿತು. ತಪ್ಪಿಲ್ಲದಿದ್ದರೆ ಮಾತಾಡುತ್ತಿರಲಿಲ್ಲವೇ ಎಂದುಕೊಂಡ. ನಾವೂ ಹಾಗೇ ಅಂದುಕೊಳ್ಳುತ್ತೇವೆ. ಸುಮ್ಮನಿದ್ದವರೆಲ್ಲ ಸಿಕ್ಕಿಬಿದ್ದವರು ಎಂದು ತಿಳಿಯುತ್ತೇವೆ. ಮೌನದಲ್ಲಿ ಎಷ್ಟು ಬಗೆ ಇವೆ ಎಂದು ಯೋಚಿಸುವಷ್ಟು ಪುರುಸೊತ್ತು ಕೋಪಕ್ಕೆ ಇರುವುದಿಲ್ಲ.

ಕೌದಿ ಎಳೆದು ಹೆಗಲಿಗೆ ಹಾಕಿಕೊಂಡು ಹೊರಬಿದ್ದ. ಬಾಗಿಲಲ್ಲಿ ಒಬ್ಬ ಮುದುಕ, ಕಂಕುಳಲ್ಲಿ ಮಡಚಿದ ಗೋಣಿಚೀಲ ಹಿಡಿದು ನಿಂತಿದ್ದವನು, ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಸಾಹುಕಾರ ಅವನನ್ನು ನೋಡಲಿಲ್ಲ. ನೀವು ನೋಡಿಟ್ಟುಕೊಳ್ಳಿ.

ನೇರ ಪೇಟೆಗೆ ಬಂದ. ಚಾದಂಗಡಿಯ ಮುಂದೆ ಕೌದಿ ಬಿಡಿಸಿ ಹಿಡಿದ. "ನೋಡ್ರೀ! ನಮ್ಮವ್ವ ಬಡವರಿಗೆ ಅಂತ ಕೊಟ್ಟದ್ದು, ಸಂಸ್ಥೆಯವರ ಮಂಚದ ಮ್ಯಾಲೆ ಸಿಕ್ಕಿತು!" ಕಣ್ಣಿಗೆ ಕಾಣುವ ಸಾಕ್ಷಿ. ಇನ್ನೇನು ಬೇಕು? ಸಂಜೆಯೊಳಗೆ ಊರೆಲ್ಲ ಸುದ್ದಿ. ಚಪ್ಪರಕ್ಕೆ ಜೋಳದ ಹಿಟ್ಟು ಕಳಿಸುತ್ತಿದ್ದ ಗಿರಣಿಯವನು ಇನ್ನು ಕಳಿಸುವುದಿಲ್ಲ ಎಂದ. ಬಟ್ಟೆ ಅಂಗಡಿಯವರು ಕಟ್ಟಿಟ್ಟಿದ್ದ ಚಾದರಗಳ ಗಂಟನ್ನು ಬಿಚ್ಚಿ ಮತ್ತೆ ಕಪಾಟಿಗೆ ಏರಿಸಿದರು.

ಮನೆಗೆ ಬಂದವನು ಕೌದಿಯನ್ನು ತಾಯಿಯ ಮುಂದೆ ಹಾಕಿದ. "ತಗೋ ನಿನ್ನ ಪುಣ್ಯ. ಯಾರಿಗೂ ಮುಟ್ಟಿಲ್ಲ."

ತಾಯಿ ಕೌದಿಯನ್ನು ತೊಡೆಯ ಮೇಲೆ ಎಳೆದುಕೊಂಡಳು. ಕೈ ತಾನಾಗಿ ಕೊನೆಯ ಮೂಲೆಗೆ ಹೋಯಿತು. ಅಲ್ಲೇ ನಿಂತಿತು.

"ತಮ್ಮಾ, ನಾ ಈ ಮೂಲಿ ಕೆಂಪು ದಾರದ್ಲೆ ಮುಚ್ಚಿದ್ದೆ. ಇದು ಬಿಳೇದು ಐತಿ."

"ಐತಿ. ಅದಕ್ಕೇನೀಗ?"

ಆಕೆ ಹೊಲಿಗೆ ಬಿಚ್ಚಿದಳು. ಬೆರಳು ಒಳಗೆ ಹಾಕಿ ತೆಗೆದಳು. ಹೋಳಿಗೆಯಲ್ಲ. ಒಣಗಿ ಗರಿಯಾದ ಜೋಳದ ರೊಟ್ಟಿಯ ಚೂರು.

ಆ ಚೂರನ್ನು ಅಂಗೈಯಲ್ಲಿಟ್ಟುಕೊಂಡು ತಾಯಿ ಮಗನ ಕಡೆ ನೋಡಿದಳು. "ಯಾರೋ ಇದನ್ನ ಹೊದ್ದಾರ. ಹೊದ್ದು, ಒಗದು, ಒಣಗಿಸಿ, ಉಪವಾಸ ಕಳಿಸಬಾರದಂತ ತಮ್ಮ ರೊಟ್ಟಿಯೊಳಗಿಂದ ಮುರದಿಟ್ಟಾರ. ಮುಟ್ಟೇತಲ್ಲೋ ಯಪ್ಪಾ. ಮುಟ್ಟಿ, ಮುಂದಿನವರ ಕಡೆ ಹೊಂಟಿತ್ತು. ನಡುವ ನೀ ಕಸ್ಕೊಂಡು ಬಂದಿ."

ಇಲ್ಲಿ ಸ್ವಲ್ಪ ನಿಲ್ಲೋಣ. ಆ ರೊಟ್ಟಿಯ ಚೂರನ್ನು ನೀವೂ ಒಂದು ಕ್ಷಣ ಅಂಗೈಯಲ್ಲಿ ಇಟ್ಟುಕೊಳ್ಳಿ.

ತಾಯಿ ಆ ಚೂರನ್ನು ಬದಲಿಸಲಿಲ್ಲ. "ಅವರಿಟ್ಟದ್ದು, ಇರ್ಲಿ" ಎಂದು ಅಲ್ಲೇ ಇಟ್ಟು, ಬಿಳಿ ದಾರದ ಗುರುತಿನ ಮೇಲೆ ತನ್ನ ಕೆಂಪು ದಾರದಿಂದ ಹೊಲಿದಳು.

ಮರುದಿನ ಬೆಳಿಗ್ಗೆ ಸಾಹುಕಾರ ಕೌದಿ ಹಿಡಿದು ಮತ್ತೆ ಆ ಬಾಗಿಲಲ್ಲಿ ನಿಂತ. ಈ ಸಲ ದನಿ ಇರಲಿಲ್ಲ. "ಅಕ್ಕೋರ, ಇದು ನಿಮ್ಮ ಮಂಚದ ಮ್ಯಾಲೆ ಯಾಕಿತ್ತು?"

"ವಾಪಸ್ ಬಂದ ಕೌದೀನ ಒಂದು ರಾತ್ರಿ ನಾ ಹೊದ್ದು ಮಲಗ್ತೀನ್ರೀ. ಹಸಿ ಉಳದಿರ್ತೈತಿ, ತಿಗಣಿ ಇರ್ತಾವ. ನನಗ ಕಡಿಲಿಲ್ಲ, ಥಂಡಿ ತಾಗಲಿಲ್ಲ ಅಂದ್ರ ಮರುದಿನ ಹೊರಗ ಕೊಡೋದು. ನಮ್ಮ ಸಂಸ್ಥೆದ್ದು ಎಲ್ಲಾ ಚಪ್ಪರದಾಗೂ ಹಿಂಗ. ಉಗ್ರಾಣದವರು ಹೊದೀಲಾರದ್ದು ಯಾರಿಗೂ ಕೊಡಂಗಿಲ್ಲ."

ಕೇಳಿದಿರಾ? ಅಷ್ಟು ದೊಡ್ಡ ಸಂಸ್ಥೆ. ಅಷ್ಟೆತ್ತರದ ಕಚೇರಿ. ಅದರ ಒಂದೊಂದು ಚಪ್ಪರದ ಹಿಂದೆ ಒಬ್ಬರು, ಕಾಣದವರ ಮೈಗೆ ಕಡಿಯಬಾರದೆಂದು ತಮ್ಮ ಮೈಯನ್ನು ಮುಂದೆ ಒಡ್ಡಿ ಮಲಗುತ್ತಾರೆ. ಇದನ್ನು ಯಾವ ಫೋಟೋದಲ್ಲಿ ತೋರಿಸುತ್ತೀರಿ?

"ನಿನ್ನೆ ಯಾಕ ಹೇಳಲಿಲ್ಲರೀ?"

"ನೀವು ಕೇಳಾಕ ಬಂದಿರಲಿಲ್ಲಲ್ರೀ. ಹೇಳಾಕ ಬಂದಿದ್ರಿ."

ಅವನಿಗೆ ಇನ್ನೊಂದು ಕೇಳಬೇಕಿತ್ತು. "ಇದರಾಗ ರೊಟ್ಟಿ ಇಟ್ಟಾಕಿ ಯಾರು?"

"ಮಗಳ ಹೆರಿಗಿಗೆ ಬಂದಿದ್ಲು ಒಬ್ಬಾಕಿ. ಹೋಗೋ ದಿನ ಊಟಕ್ಕ ಕೊಟ್ಟ ರೊಟ್ಟಿ ಮುರದು, ಸೂಜಿ ದಾರ ಕೇಳಿದ್ಲು. ಕೊಟ್ಟೆ."

"ಯಾವೂರಾಕಿ?"

"ಗೊತ್ತಿಲ್ಲರೀ. ಬಸ್ಸಿಗೆ ಹೊತ್ತಾತು ಅಂತ ಮೊಮ್ಮಗನ್ನ ಎತ್ಕೊಂಡು ಹೋದ್ಲು."

ತೆಗೆದುಕೊಂಡವರ ಮುಖ ಕಾಣಬೇಕು ಎಂದವನಿಗೆ ಆ ಮುಖ ಕಾಣಲಿಲ್ಲ. ಎಂದೂ ಕಾಣುವುದಿಲ್ಲ. ಕಂಡದ್ದು ಬೇರೆ ಮುಖ. ಗೋಣಿಚೀಲದ ಮುದುಕ ಅಲ್ಲೇ ಕೂತಿದ್ದ, ಹೆಂಡತಿಯ ಆಪರೇಷನ್ನಿಗೆ ಬಂದವನು. ಹಿಂದಿನ ಸಂಜೆ ಈ ಕೌದಿ ಸೇರಬೇಕಿದ್ದದ್ದು ಅವನಿಗೆ.

"ನಿನ್ನಿ ಹೆಂಗ ಮಲಗಿದ್ರಿ ಯಜ್ಜಾ?" ಎಂದ ಸಾಹುಕಾರ.

"ಮಲಗಲಿಲ್ಲೋ ಯಪ್ಪಾ. ಥಂಡಿ ಭಾಳಿತ್ತು. ತಿರಗ್ಯಾಡಿದೆ" ಎಂದು ಮುದುಕ ನಕ್ಕ. ಅವನಿಗೆ ಯಾರ ಮೇಲೂ ಸಿಟ್ಟಿರಲಿಲ್ಲ. ಯಾರಿಂದ ಹಾಗಾಯಿತು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಸಾಹುಕಾರ ಕೌದಿಯನ್ನು ಅವನ ಹೆಗಲ ಮೇಲೆ ಹೊದಿಸಿದ. ಅಲ್ಲಿಂದ ಚಾದಂಗಡಿಗೆ ಹೋದ. ಅದೇ ಬೆಂಚಿನ ಮುಂದೆ ನಿಂತು, ಹಿಂದಿನ ದಿನ ಎಷ್ಟು ಗಟ್ಟಿಯಾಗಿ ಕೂಗಿದ್ದನೋ ಅಷ್ಟೇ ಗಟ್ಟಿಯಾಗಿ ಹೇಳಿದ. "ನಾ ತಪ್ಪು ತಿಳದಿದ್ದೆ. ಆ ಕೌದಿ ಮುಟ್ಟಿತ್ತು. ಕಳ್ಳತನ ಮಾಡಿದಾವ ನಾನು."

ಬೀಗರ ಊರಿನ ಕಂಬಳಿಯ ಮಾತು ಹೇಳಿದ್ದವನು ಬಾಯಿ ಬಿಟ್ಟ. "ಏನ್ರೀ ಸಾವಕಾರ್ರ, ಒಂದ ರಾತ್ರ್ಯಾಗ ಸಂಸ್ಥೆಯವರು ನಿಮಗೂ ಒಂದು ಪಾಲು ಮುಟ್ಟಿಸಿದ್ರೇನು?"

ಬೆಂಚೆಲ್ಲ ನಕ್ಕಿತು. ಸಾಹುಕಾರ ಏನೋ ಹೇಳಲು ಬಾಯಿ ತೆರೆದ. ಅವರ ಮುಖಗಳನ್ನು ನೋಡಿದ. ಬಾಯಿ ಮುಚ್ಚಿದ. ಅಕ್ಕೋರ ಮೌನ ಏನೆಂದು ಅವನಿಗೆ ಆಗ ಅರ್ಥವಾಯಿತು.

ಆದರೆ ಅವನು ಮನೆಗೆ ಹೋಗಲಿಲ್ಲ. ಗಿರಣಿಗೆ ಹೋದ, ತಾನೇ ಹಿಟ್ಟಿನ ಚೀಲ ಹೊತ್ತ. ಗಿರಣಿಯವನನ್ನು ಕೈ ಹಿಡಿದು ಕರೆದ: "ನನ್ನ ಮಾತು ನಂಬಬ್ಯಾಡ. ನಿನ್ನೆ ನಂಬಿ ಕೆಟ್ಟಿ. ಬಾ, ನೀನ ಬಂದು ನೋಡು." ಗಿರಣಿಯವನು ಬಂದ. ಬಟ್ಟೆ ಅಂಗಡಿಯವರು ಬರಲಿಲ್ಲ. ಆ ಚಳಿಗಾಲ ಮುಗಿಯುವವರೆಗೂ ಅಂಗಳದಲ್ಲಿ ಕೆಲವರಿಗೆ ಚಾದರ ಸಾಲಲಿಲ್ಲ. ಹೌದು, ಪೂರ್ತಿ ಸರಿಹೋಯಿತು ಎಂದು ನಾನು ಹೇಳಲಾರೆ. ಬಾಯಿಂದ ಬಿಟ್ಟ ಮಾತಿನ ಚಳಿಯಲ್ಲಿ ಯಾರು ಯಾರು ಅಡ್ಡಾಡಿದರೋ, ಅವರ ಮುಖವೂ ನಮಗೆ ಕಾಣುವುದಿಲ್ಲ.

ಈಗ ನಿಮ್ಮನ್ನು ಕೇಳುತ್ತೇನೆ. ಆ ಬೆಂಚಿನ ಮೇಲೆ ನೀವು ಎಲ್ಲಿ ಕೂತಿದ್ದೀರಿ? ಬಾಗಿಲಿಗೆ ಯಾವುದೋ ಸಂಸ್ಥೆಯ ಡಬ್ಬಿ ಬಂದಾಗ "ಎಲ್ಲಾ ತಿನ್ನುವವರೇ" ಎಂದು ಒಳಗಿನಿಂದ ಕೂಗಿದವರು ಯಾರು? ಕೊಡುವುದು ಬಿಡುವುದು ನಿಮ್ಮಿಷ್ಟ. ಸಂಶಯವಿದ್ದರೆ ಕೊಡಬೇಡಿ. ಆದರೆ ಆ ಮಾತನ್ನೂ ಆಡಬೇಡಿ. ಒಂದು ದಿನ ಬಿಡುವು ಮಾಡಿಕೊಂಡು ಅವರ ಚಪ್ಪರಕ್ಕೆ ಹೋಗಿ. ಹಿಡಿಯಲು ಹೋಗಬೇಡಿ, ನೋಡಲು ಹೋಗಿ. ಅಲ್ಲಿ ಉಣ್ಣುವವರ ಪಕ್ಕ ಕೂತು ಉಣ್ಣಿ. ಕಳ್ಳತನ ಕಂಡರೆ ಹೆದರದೆ, ಅದನ್ನು ನಿಲ್ಲಿಸಬಲ್ಲವರ ಮುಂದೆ ಹೇಳಿ. ಒಳ್ಳೆಯದು ಕಂಡರೆ ಅದನ್ನೂ ಹೇಳಿ, ಅಷ್ಟೇ ಗಟ್ಟಿಯಾಗಿ, ಅದೇ ಚಾದಂಗಡಿಯಲ್ಲಿ. ಎರಡನೆಯದನ್ನು ನಾವು ಪಿಸುಮಾತಿನಲ್ಲೂ ಹೇಳುವುದಿಲ್ಲ ಅಲ್ಲವೇ?

ಇನ್ನು ಕೊಡುವ ಮನೆಯವರಿಗೆ ಒಂದು ಮಾತು. ಹರಿದದ್ದು, ಮಾಸಿದ್ದು, ಮನೆಯಲ್ಲಿ ಬೇಡವಾದದ್ದನ್ನು ಗಂಟು ಕಟ್ಟಿ ಕೊಟ್ಟು, ಅದು ಮುಟ್ಟಿತೇ ಎಂದು ಕೇಳುತ್ತೇವೆ. ಕೇಳುವ ಮೊದಲು ಒಂದು ರಾತ್ರಿ ಅದನ್ನು ನೀವೇ ಹೊದ್ದು ನೋಡಿ. ನಿದ್ದೆ ಬಂದರೆ ಕೊಡಿ.

ಏಳಿ. ಮನೆಗೆ ಹೋಗುವಾಗ ದಾರಿಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತಾಡಬೇಡಿ. ಮನೆ ಮುಟ್ಟಿ, ಪೆಟ್ಟಿಗೆ ತೆರೆದು, ಕೊಡಬೇಕೆಂದಿರುವ ಕೌದಿಯ ಮೂಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ. ಖಾಲಿ ಇದ್ದರೆ, ನಿಮ್ಮ ಇವತ್ತಿನ ರೊಟ್ಟಿಯಿಂದ ಒಂದು ಚೂರು ಮುರಿದು ಇಡಿ. ಆಮೇಲೆ ಹೊಲಿಯಿರಿ.