ಸಾಕವ್ವ ದಾರ ಸಡಿಲ ಬಿಟ್ಟಿದ್ದು

ಬನ್ನಿ, ಹತ್ತಿರ ಕೂತ್ಕೊಳ್ಳಿ. ಹಿಂದೆ ಹಿಂದೆ, ಯಾವ ರಾಜ ಆಳ್ತಿದ್ದನೋ ಯಾರಿಗೂ ನೆನಪಿಲ್ಲದ ಕಾಲದಲ್ಲಿ, ನೀರಿಗಿಂತ ಬಂಡೆಯೇ ಹೆಚ್ಚಿದ್ದ ಒಂದು ಹೊಳೆ ಇತ್ತು. ಹೊಳೆಯಲ್ಲೊಂದು ಮಡು. ಮಡುವಿನ ತುಂಬ ಮೀನು. ಮಡು ಯಾರದು? ಅದೇ ಜಗಳ!

ಮಡು ಸಾಕವ್ವನ ಮಾವನದಾಗಿತ್ತು. ಮಾವ ಸತ್ತ, ಗಂಡನೂ ಸತ್ತ. ಉಳಿದವರು ಸಾಕವ್ವ ಮತ್ತು ಅವಳ ಗಂಡನ ಅಣ್ಣ ಜವರ. ಜವರ ಗಾಳ ಹಾಕಿ ಬೆಳೆದವನು. ಸಾಕವ್ವ ಸಂತೆಯಲ್ಲಿ ಮೀನು ಮಾರಿ ಬೆಳೆದವಳು.

"ಗಾಳ ಹಾಕೋಕೆ ಬರದವಳಿಗೆ ಮಡು ಯಾಕೆ? ನಾನು ಹಿಡಿದಿದ್ದನ್ನ ಹೊತ್ತು ಮಾರು, ಕೂಲಿ ಕೊಡ್ತೀನಿ" ಅಂದ ಜವರ.

"ಕೂಲಿಗೆ ಬೇರೆಯವರನ್ನ ನೋಡ್ಕೊಳ್ಳಿ ಬಾವ. ಮಡು ನನಗೂ ಬೇಕು."

ಆ ಊರಿನ ಕಟ್ಟಳೆ ಕೇಳಿ. ಒಂದು ಮಡುವಿಗೆ ಇಬ್ಬರು ನಿಂತರೆ ಇಬ್ಬರೂ ಗಾಳ ಹಾಕಬೇಕು. ನೀರಿಗಿಳಿಯೋ ಹಾಗಿಲ್ಲ. ಬಿಸಿಲು ನೆತ್ತಿಗೇರೋದರೊಳಗೆ ಯಾರ ಮೀನು ದೊಡ್ಡದೋ ಮಡು ಅವರದು. ಸೋತವರು? ಗೆದ್ದವರು ಒಪ್ಪದೆ ಅಲ್ಲಿ ಗಾಳ ಹಾಕೋ ಹಾಗೇ ಇಲ್ಲ.

ಊರಿಗೆ ಊರೇ ದಡಕ್ಕೆ ಬಂತು. ಜವರ ರಾಗಿ ಹಿಟ್ಟಿನ ಉಂಡೆ ಸಿಕ್ಕಿಸಿ ಮಡುವಿನ ನಡುವಿಗೆ ಎಸೆದ. ಸಾಕವ್ವ ಏನು ಮಾಡಿದಳು? ಒಂದು ಕಲ್ಲು ಮಗುಚಿದಳು. ಇನ್ನೊಂದು ಮಗುಚಿದಳು. ಮೂರನೆಯದರ ಕೆಳಗೆ ಏಡಿ ಸಿಕ್ಕಿತು.

"ಏನವ್ವಾ, ಸಾರು ಮಾಡ್ತೀಯೋ?" ಜನ ನಕ್ಕರು.

"ನಗ್ರಪ್ಪಾ ನಗ್ರಿ. ದೊಡ್ಡ ಮೀನು ಕುಯ್ದಾಗಲೆಲ್ಲ ಹೊಟ್ಟೇಲಿ ಏಡಿ ಚಿಪ್ಪು ಸಿಗ್ತಿತ್ತು. ಕುಯ್ದವಳು ನಾನು!"

ದೊಡ್ಡ ಬಂಡೆಯ ಮರೆಯಲ್ಲಿ ನೊರೆ ಸುತ್ತುತ್ತಿತ್ತು. ಏಡಿಯನ್ನ ಗಾಳಕ್ಕೆ ಸಿಕ್ಕಿಸಿ ಅಲ್ಲಿಗೆ ಎಸೆದಳು.

ಮೊದಲು ಜಗ್ಗಿದ್ದು ಜವರನ ದಾರ. ಎಳೆದ, ಎಳೆದ, ಮೊಳದುದ್ದದ ಮೀನು ದಡಕ್ಕೆ ಬಿತ್ತು. ಊರು ಕೇಕೆ ಹಾಕಿತು. "ಇನ್ನು ಮನೆಗೆ ಹೋಗಮ್ಮ" ಅಂದ.

ಅಷ್ಟರಲ್ಲಿ ಸಾಕವ್ವನ ದಾರ ಸುಯ್ಯೆಂದಿತು ನೋಡಿ! ಅಂಗೈ ಉರಿಯಿತು. ಬಿಳಿಮೀನೊಂದು ಛಂಗನೆ ನೆಗೆಯಿತು, ಓಡಾಡುವ ಕೂಸಿನಷ್ಟು ದೊಡ್ಡದು! ಬಿತ್ತು, ಓಡಿತು, ಬಂಡೆ ಸುತ್ತಿತು. ದಾರ ಬಂಡೆಯ ಅಂಚಿಗೆ ಸಿಕ್ಕಿಕೊಂಡಿತು.

"ಎಳಿಯೇ!" ಅಂದರು ಹೆಂಗಸರು. "ಎಳಿ!" ಅಂದರು ಗಂಡಸರು. "ಬೇಗ ಎಳಿಯಮ್ಮಾ!" ಅಂದ ಜವರ.

ಎಲಾ, ಇವನಿಗ್ಯಾಕೆ ಇಷ್ಟು ಅವಸರ? ಸಾಕವ್ವ ಬಾವನ ಮುಖ ನೋಡಿದಳು. ಸಂತೆಯಲ್ಲಿ ಎಂಥೆಂಥ ಮುಖ ಕಂಡವಳು! ತಿಳಿಯಿತು. ಎಳೆದರೆ ದಾರ ಕಲ್ಲಿಗೆ ಸವೆದು ತುಂಡಾಗುತ್ತೆ. ಚೌಕಾಸಿ ಮಾಡಿ ಎದ್ದು ಹೋಗುವ ಗಿರಾಕಿಯ ಕೈ ಹಿಡಿದು ಎಳೆದರೆ ಕೊಡವಿಕೊಂಡು ಹೋಗ್ತಾನೆ. ಸುಮ್ಮನಿದ್ದರೆ ಮೂರು ಅಂಗಡಿ ದಾಟೋದರೊಳಗೆ ತಾನೇ ತಿರುಗ್ತಾನೆ.

ಸಾಕವ್ವ ದಾರ ಸಡಿಲ ಬಿಟ್ಟಳು.

"ಹೋಯ್ತು! ಕೈಯಾರೆ ಕಳಕೊಂಡಳು!" ಜನ ತಲೆ ಚಚ್ಚಿಕೊಂಡರು. ಬಿಸಿಲು ಏರಿತು. ಅವಳು ಮಿಸುಕಲಿಲ್ಲ.

ಎಳೆಯುವವರಿಲ್ಲ ಅಂದ ಮೇಲೆ ಮೀನು ಯಾಕೆ ಓಡುತ್ತೆ ಹೇಳಿ? ನಿಂತಿತು. ತಿರುಗಿತು. ಹೋದ ದಾರಿಯಲ್ಲೇ ತನ್ನ ನೊರೆಯ ಮಡಿಲಿಗೆ ಬಂತು. ದಾರ ಬಂಡೆಯಿಂದ ಕಳಚಿತು.

"ಈಗ ಬಾ!" ಕಾಲು ಊರಿ ಎಳೆದಳು ನೋಡಿ ಸಾಕವ್ವ! ಮೀನು ದಡದ ಮೇಲೆ ಧೊಪ್ಪೆಂದಿತು. ಅದರ ಪಕ್ಕದಲ್ಲಿ ಜವರನ ಮೀನು ಗಾಳಕ್ಕೆ ಸಿಕ್ಕಿಸೋ ಎರೆಯ ಹಾಗೆ ಕಂಡಿತು.

ಸಂಜೆಗೆ ಜವರ ಬಂದ. "ಗೆದ್ದೆ, ಸರಿ. ದಿನಾ ಗಾಳ ಹಾಕೋರು ಯಾರು?"

"ನೀವೇ ಹಾಕಿ ಬಾವ. ಹಿಡಿದಿದ್ದರಲ್ಲಿ ಅರ್ಧ ನನಗೆ."

"ಅರ್ಧಾನಾ! ಕಾಲು ಪಾಲು ತಗೊ."

"ಅರ್ಧ."

ಹೆಗಲ ವಸ್ತ್ರ ಕೊಡವಿ ಹೊರಟೇಬಿಟ್ಟ. ಒಂದು ಬಂಡೆ ದಾಟಿದ. ಎರಡು ದಾಟಿದ. ಸಾಕವ್ವ ಕರೆದಳೇ? ಇಲ್ಲ. ಕೂತು ಮೀನಿನ ಹುರುಪೆ ಕೆರೆಯುತ್ತಿದ್ದಳು. ಮೂರನೇ ಬಂಡೆಯ ಹತ್ತಿರ ಅವನ ಕಾಲು ನಿಂತವು.

"ನಾಳೆ ಎಷ್ಟೊತ್ತಿಗೆ ಬರಲಿ?"

"ಬೆಳಗಾಗ್ತಿದ್ದಂಗೆ ಬನ್ನಿ ಬಾವ" ಅಂದಳು, ತಲೆ ಎತ್ತದೆ. "ಬರುವಾಗ ಏಡಿ ತನ್ನಿ."

ಹೊಳೆ ಹರಿದುಕೊಂಡು ಹೋಯಿತು, ಕಥೆ ದಡ ಸೇರಿತು. ಕೇಳಿದವರ ಸಾರಿಗೆ ಮೀನಿರಲಿ, ಹೇಳಿದವನ ಬಾಯಿಗೆ ಎಲೆ ಅಡಿಕೆ ಬರಲಿ.