ದೊರೆಯ ಪಂಕ್ತಿಯಲ್ಲಿ ಉಪವಾಸ ಕೂತ ಬಿಷಪ್

ಕೇಳ್ರಪ್ಪಾ, ಕೇಳಿ. ಏಳು ಹೊಳೆ ದಾಟಿ, ಹಿಮದ ಬೆಟ್ಟ ಹತ್ತಿ ಇಳಿದರೆ ಒಂದು ಜರ್ಮನ್ ನಾಡು. ಆ ನಾಡಿನ ದೊರೆಗೂ ರೋಮಿನ ಪೋಪ್‌ಗೂ ಜಗಳ. ಯಾತಕ್ಕೆ? ಬಿಷಪ್ಪರನ್ನು ಪೀಠದಲ್ಲಿ ಕೂರಿಸುವವರು ಯಾರು ಅಂತ. ಕೂರುವವನನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿ ಎಲ್ಲಿದೆ?

ಪೋಪ್ ದೊರೆಗೆ ಬಹಿಷ್ಕಾರ ಹಾಕಿದ. "ಅವನ ಜತೆ ಉಂಡವನಿಗೂ ಬಹಿಷ್ಕಾರ" ಅಂದ. "ನನ್ನ ಪಂಕ್ತಿಗೆ ಬಾರದವನು ದ್ರೋಹಿ" ಅಂದ ದೊರೆ. ಎರಡು ಕೋಣ ಗುದ್ದಾಡಿದರೆ ಗಿಡಕ್ಕೆ ಸಾವು. ಆ ಗಿಡದ ಹೆಸರು ಬಿಷಪ್ ಗೆರೋಲ್ಟ್.

ದೊರೆ ಅವನ ಊರಲ್ಲೇ ಬಿಡಾರ ಹೂಡಿದ. ಉಂಡರೆ ಪೋಪ್ ಪೀಠ ಕಿತ್ತುಕೊಳ್ಳುತ್ತಾನೆ, ಹೋಗದಿದ್ದರೆ ದೊರೆ. ಗೆರೋಲ್ಟ್ ಏನು ಮಾಡಿದ? "ಹರಕೆಯ ಉಪವಾಸ, ಪ್ರಭು" ಅಂದ. ಪಂಕ್ತಿಯಲ್ಲಿ ಕೂತ, ತುತ್ತು ಎತ್ತಲಿಲ್ಲ. ಕೂತದ್ದು ದೊರೆಗಾಗಿ, ತುತ್ತು ಎತ್ತದೆ ಇದ್ದದ್ದು ಪೋಪ್‌ಗಾಗಿ.

ಮನೆಯಲ್ಲಿ ಅಡುಗೆಯ ಗಿಸೆಲಾ ಗಂಜಿ ತಂದಳು. "ಉಣ್ಣಿ ಒಡೆಯಾ, ಇಲ್ಲಿ ಯಾರು ನೋಡ್ತಾರೆ?"

ಯಾರು ನೋಡ್ತಾರೆ ಅಂತ ಇವಳೇಕೆ ಕೇಳಿದಳು? ಉಂಡರೆ ಹರಕೆ ಸುಳ್ಳೆಂದು ಯಾರಿಗೆ ಮುಟ್ಟಿಸುತ್ತಾಳೋ? ದೊರೆಯ ಕಡೆಯವಳೋ, ಪೋಪ್ ಕಡೆಯವಳೋ? "ಒಯ್ಯಿ" ಅಂದ ಗೆರೋಲ್ಟ್.

ಮರುದಿನ ರೊಟ್ಟಿ ತಂದಳು. ಏನೂ ಕೇಳಲಿಲ್ಲ. ಕೇಳಲಿಲ್ಲವಲ್ಲ, ಅದಕ್ಕೇ ಗುಮಾನಿ. "ಒಯ್ಯಿ."

ಮೂರನೇ ದಿನ ಬರೀ ನೀರು ತಂದಳು. "ಇದಕ್ಕೂ ಅನುಮಾನವೇ? ಹಾಗಾದರೆ ನಿಮ್ಮ ಹಲ್ಲಿಗೂ ಕಾವಲು ಹಾಕಿ ಒಡೆಯಾ, ಅವು ಯಾರ ಕಡೆಯವೋ!"

ಗೆರೋಲ್ಟ್ ನಗಲಿಲ್ಲ. ಆ ಮಾತನ್ನು ಕೂತು ಯೋಚಿಸಿದ. ಗಿಸೆಲಾ ಮೊದಲು ಕುಡಿದ ಮೇಲೆ ನೀರು ಕುಡಿದ.

ಅಷ್ಟರಲ್ಲಿ ಜಗಳವಾಡುವವರಿಗೇ ಜಗಳ ಸಾಕಾಯಿತು. ಪೋಪ್‌ನ ರಾಯಭಾರಿ ಬಂದು ಬಹಿಷ್ಕಾರ ತೆಗೆದ, ದೊರೆಯ ಪಕ್ಕದಲ್ಲೇ ಊಟಕ್ಕೆ ಕೂತ. ಹಸಿವಿನಿಂದ ಸೋತ ಗೆರೋಲ್ಟನನ್ನು ಇಬ್ಬರು ಆಳುಗಳು ಎತ್ತಿ ತಂದು ಕೂರಿಸಿದರು. ಅವನು ಕೋಳಿಗೆ ಕೈ ಹಾಕಿದ.

"ಹರಕೆ ತೀರಿತೇನಯ್ಯಾ?" ಅಂದ ದೊರೆ.

"ತೀರಿತು ಪ್ರಭು."

"ಯಾವ ಸಂತನಿಗೆ ಹೊತ್ತಿದ್ದೆ?"

ನೋಡಿ, ಎಲ್ಲ ಯೋಚಿಸಿದ್ದ. ಸಂತನನ್ನೇ ಮರೆತಿದ್ದ! ರೋಮಿನ ಸಂತನನ್ನು ಹೇಳಿದರೆ ದೊರೆಗೆ ಸಂಶಯ. ದೊರೆಮನೆಯ ಸಂತನನ್ನು ಹೇಳಿದರೆ ರಾಯಭಾರಿಗೆ. ಗೆರೋಲ್ಟ್ ಕೋಳಿಯ ಕಾಲನ್ನೇ ಬಾಯಿಗೆ ತುರುಕಿಕೊಂಡ.

ದೊರೆ ರಾಯಭಾರಿಯ ಮುಖ ನೋಡಿದ, ರಾಯಭಾರಿ ದೊರೆಯ ಮುಖ ನೋಡಿದ. "ಇವನನ್ನು ನಂಬಲಾಗದು" ಅಂದರು ಇಬ್ಬರೂ. ಇಷ್ಟು ವರ್ಷಗಳಲ್ಲಿ ಎರಡು ಕಡೆಯವರೂ ಒಪ್ಪಿದ ಮೊದಲ ಮಾತು ಅದು. ಗೆರೋಲ್ಟನ ಪೀಠ ಅಲ್ಲಿಗೆ ಕೈತಪ್ಪಿ ಹೋಯಿತು.

ಗೆರೋಲ್ಟ್ ತಟ್ಟೆ ಮಾತ್ರ ಬಿಡಲಿಲ್ಲ. ಪೀಠವೇ ಇಲ್ಲದವನ ಊಟವನ್ನು ಇನ್ನು ಯಾರು ನೋಡ್ತಾರೆ? ಬಡಿಸಲು ಬಂದಿದ್ದ ಅಡುಗೆಯವಳಿಗೆ "ಗಿಸೆಲಾ, ಇನ್ನೊಂದು ಕಾಲು ಹಾಕು ತಾಯಿ" ಅಂದ.

ಉಂಡವನು ಅಲ್ಲಿ ಕೈತೊಳೆದ, ಹೇಳಿದವನು ಇಲ್ಲಿ ಬಾಯಿ ಮುಚ್ಚಿದ. ಏಳಿ, ಮನೆಗೆ ನಡೆಯಿರಿ.